ಅಧಿಕ ಮಾಸದ ಹೆಲ್ಮೆಟ್ಟು

ನಮ್ಮ ಮಾವನವರಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಹೆಲ್ಮೆಟ್ಟು ನೆನಪಿರುತ್ತದೆ! ಇದೇನೋ ಅಳಿಯನಾದವನು ಮಾವನ ಮೇಲೆ ಹೇಳುವ ಚಾಡಿ ಎಂದು ನಿಮಗೆ ಅನ್ನಿಸಿದರೆ, ಒಮ್ಮೆ ಹಿಪ್ಪರಗಿಗೆ ಬಂದು ಅವರ ಕಟ್ಟೆಯ ಮೇಲೆ ಕೂತು ಒಂದು ಕಪ್ಪು ಚಹಾ ಕುಡಿಯಿರಿ. ನೀವು ಯಾರು, ಯಾವ ಊರು, ನಿಮ್ಮ ಕಡೆ ಮಳೆ ಹೇಗೆ, ಊಹೂಂ, ಇದ್ಯಾವುದನ್ನೂ ಅವರು ಕೇಳುವುದಿಲ್ಲ. ನೀವು ಬೈಕಿನ ಕನ್ನಡಿಗೆ ನೇತುಹಾಕಿ ಬಂದ ಹೆಲ್ಮೆಟ್ಟನ್ನು ತಾವೇ ಎದ್ದು ಹೋಗಿ ತಂದು, ತೊಡೆಯ ಮೇಲಿಟ್ಟುಕೊಂಡು, ಬೆರಳ ಗೆಣ್ಣಿನಿಂದ ಬಡಿದು, ಒಳಗೆ ಮೂಗು ತೂರಿಸಿ ಒಂದು ಉಸಿರು ಎಳೆದುಕೊಂಡು, "ಇದು ಮುಗದೈತ್ರಿ" ಎನ್ನುತ್ತಾರೆ. ಮುಂದಿನ ಸಲ ನೀವು ಹೊಸ ಹೆಲ್ಮೆಟ್ಟಿನಲ್ಲಿ ಹೋದರೆ ನಿಮ್ಮ ಗುರುತು ಹತ್ತುವುದಿಲ್ಲ. ಹೆಸರು ಹೇಳಿದರೂ ಹತ್ತುವುದಿಲ್ಲ. ಹಳೆಯದರ ವರ್ಣನೆ ಮಾಡಿದರೆ ಮಾತ್ರ, "ಹಾಂ, ಕೆಂಪಂದು, ಎಡಗಡೆ ಸೀಳಿದ್ದು! ಬರ್ರಿ ಬರ್ರಿ, ಕುಂಡ್ರಿ" ಎಂದು ಬಾಯಿತುಂಬ ನಗುತ್ತಾರೆ.

ಅವರಿಗೇನು ಹೆಲ್ಮೆಟ್ ಅಂಗಡಿ ಇದೆಯೇ? ಇಲ್ಲ. ನೆಂಟರ ಅಂಗಡಿಯೂ ಇಲ್ಲ. ಕೃಷ್ಣೆಯ ನೀರು ಹರಿಯುವ ಒಳ್ಳೆಯ ಹೊಲ, ಹೊಲ ತುಂಬ ಕಬ್ಬು, ಮನೆ ತುಂಬ ಜನ, ಇವಿಷ್ಟು ಇರುವ ಮನುಷ್ಯ ನೆಮ್ಮದಿಯಾಗಿ ಎಲೆ ಅಡಿಕೆ ಹಾಕಿಕೊಂಡು ಕೂರಬಹುದಿತ್ತು. ಕೂರಲಿಲ್ಲ. ಸುತ್ತಲಿನ ತಲೆಗಳ ಚಿಂತೆಯನ್ನೆಲ್ಲ ತಮ್ಮ ತಲೆಗೆ ಹಚ್ಚಿಕೊಂಡರು.

ಇಷ್ಟಾದರೂ ಚಿಂತೆಯಿರಲಿಲ್ಲ. ಊರಿನವರ ಹೆಲ್ಮೆಟ್ಟನ್ನೆಲ್ಲ ಬದಲಿಸಿದ ಈ ಮನುಷ್ಯನ ಸ್ವಂತ ತಲೆಯ ಮೇಲೆ ಏನಿದೆ ಗೊತ್ತೇ? ನನ್ನ ಮದುವೆಗಿಂತ ಹಳೆಯದಾದ ಒಂದು ಹೆಲ್ಮೆಟ್ಟು! ಅದನ್ನು ಇಳಿಸಿ ಹೊಸದೊಂದನ್ನು ಏರಿಸದಿದ್ದರೆ ಎಂದಾದರೂ ಒಂದು ದಿನ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಏನಾದರೂ ಆಗಿಹೋಗುತ್ತದೆ ಎಂಬ ಭಯ ಮನೆಯವರಿಗೆಲ್ಲ ಇತ್ತು. ಎಲ್ಲರೂ ಕೂಡಿ ವಿಚಾರ ಮಾಡಿ, ಆ ಕೆಲಸವನ್ನು ಇದ್ದವರಲ್ಲೇ ತಲೆ ಕಡಿಮೆ ಇರುವವನಿಗೆ, ಅಂದರೆ ನನಗೆ, ಒಪ್ಪಿಸಿದರು.

ನನ್ನ ಯೋಗ್ಯತೆಯನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ಬನಹಟ್ಟಿಯಲ್ಲಿ ನನ್ನದೊಂದು ಸೀರೆ ಅಂಗಡಿ. ಸೆರಗು ಮುಟ್ಟಿ ನೂಲು ಎಂಥದು, ಒಗೆದರೆ ಬಣ್ಣ ನಿಲ್ಲುತ್ತದೋ ಇಲ್ಲವೋ ಎಲ್ಲ ಹೇಳಬಲ್ಲೆ. ಆದರೆ ಹೆಲ್ಮೆಟ್ಟಿನ ವಿಷಯದಲ್ಲಿ ನಾನು ಬಹಳ ಉದಾರಿ. ಅದರೊಳಗೆ ಬದನೆಕಾಯಿ ತಂದಿದ್ದೇನೆ, ನೂಲಿನ ಕೋನು ಸಾಗಿಸಿದ್ದೇನೆ, ಬಾಳೆಹಣ್ಣು ಒಯ್ದಿದ್ದೇನೆ, ಒಂದು ಸಲ ಅಂಗಡಿಯ ಮುಂದೆ ನೀರು ಚಿಮುಕಿಸಲು ಬಕೆಟ್ಟು ಸಿಗದಾಗ ಅದನ್ನೂ ಮಾಡಿದ್ದೇನೆ. ತಲೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಅದರಲ್ಲಿ ಇಟ್ಟವನು ನಾನು.

ಕನ್ಯೆ ನೋಡಲು ಹಿಪ್ಪರಗಿಗೆ ಹೋದ ದಿನದ ಕಥೆ ಕೇಳಿ. ಅಪ್ಪ, ಅವ್ವ, ಕಾಕಾ ಎಲ್ಲ ಜೀಪಿನಲ್ಲಿ ಬಂದರು. ನಾನು ಮಾತ್ರ ಬೈಕಿನಲ್ಲಿ! ಯಾಕೆ? ಹುಡುಗಿ ಕಿಟಕಿಯಿಂದ ನೋಡುತ್ತಾಳೆ, ಬೈಕಿನಿಂದ ಇಳಿಯುವ ಠೀವಿ ಕಾಣಲಿ ಎಂದು. ಕೂದಲು ಕೆಡಬಾರದಲ್ಲ, ಹೆಲ್ಮೆಟ್ಟನ್ನು ಹಾದಿಯುದ್ದಕ್ಕೂ ಮೊಣಕೈಗೆ ಸಿಕ್ಕಿಸಿಕೊಂಡಿದ್ದೆ. ಹಿಪ್ಪರಗಿ ಮುಟ್ಟುವವರೆಗೆ ನನ್ನ ಮೊಣಕೈಗೆ ಒಂದು ಗೀರೂ ಬೀಳಲಿಲ್ಲ.

ಒಳಗೆ ಶಿರಾ ಬಂತು, ಚೂಡಾ ಬಂತು, ಹುಡುಗಿಯೂ ಬಂದಳು. ಅವಳ ಕಡೆಯವರೆಲ್ಲ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದರೆ, ಮೂಲೆಯಲ್ಲಿ ಕೂತ ಯಜಮಾನರೊಬ್ಬರು ಮಾತ್ರ ನನ್ನ ಹೆಲ್ಮೆಟ್ಟನ್ನು ಬೋರಲು ಹಾಕಿಕೊಂಡು ಅದರ ಹೊಟ್ಟೆ ನೋಡುತ್ತಿದ್ದರು.

"ಎಷ್ಟ ವರ್ಷ ಆತು?" ಎಂದರು.

"ಇಪ್ಪತ್ತೇಳ್ರಿ" ಎಂದು ನಾಚಿಕೊಂಡು ನನ್ನ ವಯಸ್ಸು ಹೇಳಿದೆ.

"ನಿಂದಲ್ಲೋ ತಮ್ಮಾ, ಇದರದು."

ಕನ್ಯೆ ನೋಡಲು ಬಂದವನಿಗೆ ಹೆಲ್ಮೆಟ್ಟಿನ ಜಾತಕ ಕೇಳಿದರೆ ಏನು ಹೇಳಬೇಕು? ಅಂದಾಜಿಗೆ ಏನೋ ಒಂದು ಹೇಳಿದೆ. ಅವರು ನಿಟ್ಟುಸಿರು ಬಿಟ್ಟು ಅದನ್ನು ಬದಿಗಿಟ್ಟರು. ಆಮೇಲೆ ಹಿರಿಯರ ಮಾತುಕತೆಯಲ್ಲಿ ಅವರ ತೀರ್ಮಾನ ಹೊರಬಿತ್ತು: "ಹುಡುಗ ನಡೀತಾನ್ರಿ. ಹೆಲ್ಮೆಟ್ ನಡಿಯಂಗಿಲ್ಲ. ಅದನ್ನೊಂದು ಬದಲಿ ಮಾಡ್ರಿ, ಮುಹೂರ್ತ ತಗಸೂಣು." ಗಂಡಿನ ಕಡೆಯವರು ಕರಾರು ಹಾಕುವುದನ್ನು ಕೇಳಿ ಗೊತ್ತಿದ್ದ ನಮ್ಮ ಕಾಕಾ, ಹೆಣ್ಣಿನ ಕಡೆಯವರ ಈ ಕರಾರು ಕೇಳಿ ಶಿರಾ ನುಂಗುವುದನ್ನೇ ಮರೆತ. ನಾನು ಗೋಣು ಹಾಕಿದೆ. ಮದುವೆಯಾಯಿತು. ಹೆಲ್ಮೆಟ್ಟು ಬದಲಾಗಲಿಲ್ಲ. ಅದರ ಫಲವನ್ನು ಮುಂದೆ ಉಂಡೆ, ಹೇಳುತ್ತೇನೆ.

ಹೆಲ್ಮೆಟ್ಟು ಬದಲಿಸುವ ಕಾಲ ಬಂತೋ ಇಲ್ಲವೋ ಎಂದು ತಿಳಿಯಲು ಮಾವನವರಲ್ಲಿ ಅನೇಕ ಉಪಾಯಗಳಿವೆ. ಒಳಗಿನ ಥರ್ಮಾಕೋಲಿನ ಮೇಲೆ ಹೆಬ್ಬೆಟ್ಟು ಒತ್ತುತ್ತಾರೆ. ಬೆಲ್ಟು ಜಗ್ಗುತ್ತಾರೆ. ವಾಸನೆ ನೋಡುತ್ತಾರೆ (ಇದರಿಂದ ಏನು ತಿಳಿಯುತ್ತದೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ). ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಬೇರೆ. ಹೆಲ್ಮೆಟ್ಟು ಹಾಕಿಕೊಂಡು, ಬೆಲ್ಟು ಬಿಗಿದು, ಹೆಂಡತಿ ಏನೋ ಕೇಳಿದಾಗ ಆಡಿಸುವಂತೆ ತಲೆಯನ್ನು ಅತ್ತಿತ್ತ ಆಡಿಸಬೇಕು. "ತಲಿ ಒಲ್ಲೆ ಅಂದ್ರ ಹೆಲ್ಮೆಟ್ಟೂ ಅದರ ಸಂಗಾಟನ ಒಲ್ಲೆ ಅನಬೇಕು. ತಲಿ ಒಲ್ಲೆ ಅಂದ ಮ್ಯಾಲ ಹೆಲ್ಮೆಟ್ಟು ವಿಚಾರ ಮಾಡಿ ಒಲ್ಲೆ ಅಂತಂದ್ರ, ಅದು ಮುಗೀತು" ಎನ್ನುತ್ತಾರೆ. ಇನ್ನು ಒಮ್ಮೆ ತಲೆಯ ಸಮೇತ ನೆಲಕ್ಕೆ ಬಡಿದ ಹೆಲ್ಮೆಟ್ಟಿನ ಬಗ್ಗೆ ಅವರಲ್ಲಿ ಚರ್ಚೆಯೇ ಇಲ್ಲ. "ಹೊರಗ ಏನೂ ಆಗಿರಂಗಿಲ್ರಿ. ಒಳಗ ಕುಸದಿರ್ತೈತಿ. ಒಂದ ಏಟು ತಡಕೊಳ್ಳೂದು ಅದರ ಕೆಲಸ. ತಡಕೊಂತು, ಆತು."

ತೇರದಾಳದ ಒಂದು ಮದುವೆಯಲ್ಲಿ ನಾವೆಲ್ಲ ಅಕ್ಷತೆ ಹಾಕಲು ಕಾದಿದ್ದಾಗ ಮಾವನವರು ಮಾಯ! ನೋಡಿದರೆ ಕಲ್ಯಾಣಮಂಟಪದ ಹೊರಗೆ, ಸಾಲಾಗಿ ನಿಂತ ಬೈಕುಗಳ ನಡುವೆ, ಒಂದೊಂದೇ ಹೆಲ್ಮೆಟ್ಟಿನೊಳಗೆ ಕೈ ಹಾಕುತ್ತ ನಡೆದಿದ್ದಾರೆ. ಬೈಕಿನ ಮಾಲೀಕನೊಬ್ಬ ಓಡಿ ಬಂದ.

"ಏ ಯಜಮಾನ, ಏನ್ ಮಾಡಾಕತ್ತೀ ನನ್ನ ಗಾಡಿ ಹತ್ರ?"

"ನಿನ್ನ ತಲಿ ನೋಡಾಕತ್ತೀನೋ."

"ನನ್ನ ತಲಿ ನನ್ನ ಹತ್ರ ಐತಿ!"

"ಐತಿ, ಇನ್ನಾ ಐತಿ. ಎಷ್ಟ ದಿನ ಇರ್ತೈತಿ ಅಂತ ನೋಡಾಕತ್ತೀನಿ."

ಜಗಳ ಜೋರಾಯಿತು. ಜನ ನೆರೆದರು. ಯಾರೋ ಒಬ್ಬರು, "ಇವ್ರ ಅಳಿಯಾ ಇಲ್ಲೇ ಅದಾನಂತಲ್ಲ, ಎಲ್ಲಿ?" ಎಂದು ಕೂಗುವುದೂ ಕೇಳಿಸಿತು. ಇಂಥ ಹೊತ್ತಿನಲ್ಲಿ ಒಬ್ಬ ಜವಾಬ್ದಾರಿಯುತ ಅಳಿಯ ಏನು ಮಾಡಬೇಕು? ನಾನು ಸೀದಾ ಊಟದ ಪಂಕ್ತಿಗೆ ಹೋಗಿ ಕೂತು ಗೋಧಿ ಹುಗ್ಗಿ ಹಾಕಿಸಿಕೊಂಡೆ. ಎರಡನೇ ಸಲವೂ ಹಾಕಿಸಿಕೊಂಡೆ. ಕೈ ತೊಳೆದು ಹೆದರುತ್ತ ಹೊರಗೆ ಬಂದರೆ, ಜಗಳವಾಡಿದವನೂ ಸೇರಿ ಹತ್ತಾರು ಹುಡುಗರು ಹೆಲ್ಮೆಟ್ಟು ಹಾಕಿಕೊಂಡು ಸಾಲಾಗಿ ನಿಂತು, ಮಾವನವರ ಎದುರು ಒಲ್ಲೆ ಒಲ್ಲೆ ಎಂದು ತಲೆಯಾಡಿಸುತ್ತಿದ್ದರು. ದೂರದಿಂದ ನೋಡಿದವರಿಗೆ ಯಾವುದೋ ಹೊಸ ಪಂಥಕ್ಕೆ ದೀಕ್ಷೆ ಕೊಡುತ್ತಿರುವಂತೆ ಕಂಡಿರಬೇಕು.

ಪೊಲೀಸರನ್ನಾದರೂ ಬಿಟ್ಟರೇ? ಜಮಖಂಡಿಗೆ ಹೋಗುವ ರಸ್ತೆಯಲ್ಲಿ ನಮ್ಮ ಕಡೆಯ ಬೈಕ್ ಸವಾರರಿಗೆಲ್ಲ ಗೊತ್ತಿರುವ ಒಂದು ಬೇವಿನ ಮರವಿದೆ. ಅಲ್ಲಿಗೆ ಬಂದಕೂಡಲೇ ಎಲ್ಲರೂ ಗಾಡಿ ನಿಲ್ಲಿಸಿ, ಪೆಟ್ರೋಲ್ ಟ್ಯಾಂಕಿನ ಮೇಲಿದ್ದ ಹೆಲ್ಮೆಟ್ಟನ್ನು ತಲೆಗೇರಿಸುತ್ತಾರೆ. ಮುಂದೆ ಪೊಲೀಸರು ನಿಂತಿರುತ್ತಾರಲ್ಲ! ಅವರನ್ನು ದಾಟಿದ ಮೇಲೆ ಮತ್ತೆ ಟ್ಯಾಂಕಿನ ಮೇಲೆ. ನಮ್ಮ ಪಾಲಿಗೆ ಅಪಘಾತವೆಂದರೆ ಪೊಲೀಸರಿಗೆ ಸಿಕ್ಕಿಬೀಳುವುದು, ಅಷ್ಟೇ. ಒಂದು ದಿನ ಮಾವನವರು ತಮ್ಮ ಗಾಡಿಯಲ್ಲಿ ಮುಂದೆ, ನಾನು ನನ್ನ ಗಾಡಿಯಲ್ಲಿ ಹಿಂದೆ ಹೋಗುತ್ತಿದ್ದೆವು. ಪೊಲೀಸರು ಕೈ ಮಾಡದಿದ್ದರೂ ಮಾವನವರು ತಾವಾಗಿಯೇ ನಿಲ್ಲಿಸಿದರು.

"ಯಾಕ್ ನಿಂತ್ರಿ ಯಜಮಾನ್ರ? ನಿಮ್ದೇನೂ ತಪ್ಪಿಲ್ಲ, ಹೋಗ್ರಿ" ಎಂದರು ಪೊಲೀಸ್ ಸಾಹೇಬರು.

"ನಂದಿಲ್ರಿ ಸಾಹೇಬ್ರ, ನಿಮ್ದೈತಿ. ನಿಮ್ಮ ಹೆಲ್ಮೆಟ್ ಒಮ್ಮಿ ತಲಿ ಮ್ಯಾಲ ಇಟ್ಕೊಂಡು ಒಲ್ಲೆ ಅನ್ರಿ, ನೋಡೂಣು."

ಬಿಸಿಲಿನಲ್ಲಿ ನಿಂತು ಬೇಸತ್ತಿದ್ದರೋ ಏನೋ, ಸಾಹೇಬರು ಹೆಲ್ಮೆಟ್ಟು ಹಾಕಿಕೊಂಡು ತಲೆಯಾಡಿಸಿಯೇಬಿಟ್ಟರು. ಅವರ ಮುಖ ಬನಹಟ್ಟಿಯ ಕಡೆಗೆ ತಿರುಗಿತು, ಹೆಲ್ಮೆಟ್ಟು ಮುಧೋಳದ ಕಡೆಗೇ ನೋಡುತ್ತ ಉಳಿಯಿತು! ರಸ್ತೆಯಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಸಾಹೇಬರು ನಕ್ಕವರ ಕಡೆ ತಿರುಗಿದರು. ಈ ಮಜಾ ನೋಡುವ ಆತುರದಲ್ಲಿ ನಾನು ಬೇವಿನ ಮರದ ಕೆಳಗೆ ನಿಲ್ಲುವುದನ್ನೇ ಮರೆತಿದ್ದೆ, ನನ್ನ ಹೆಲ್ಮೆಟ್ಟು ಟ್ಯಾಂಕಿನ ಮೇಲೆಯೇ ಕೂತಿತ್ತು. ಆ ದಿನ ದಂಡ ಕಟ್ಟಿದವನು ನಾನೊಬ್ಬನೇ. ಮಾವನವರು ಪಕ್ಕದಲ್ಲಿ ನಿಂತು, "ಹಾಕ್ರಿ ಸಾಹೇಬ್ರ, ಬಿಡಬ್ಯಾಡ್ರಿ" ಎಂದು ಹುರಿದುಂಬಿಸುತ್ತಿದ್ದರು.

ಇನ್ನು ನಾನು ಉಂಡ ಫಲದ ಕಥೆ. ಮದುವೆಯಾದ ಹೊಸತರಲ್ಲಿ ನನ್ನ ತಲೆಯಿಂದ ಹೊಟ್ಟು ಉದುರತೊಡಗಿತು. ಎಲ್ಲರಿಗೂ ಬಿಳಿ ಹೊಟ್ಟು ಉದುರಿದರೆ ನನಗೆ ಕರಿ ಹೊಟ್ಟು! ಗಿರಾಕಿಗಳ ಮುಂದೆ ಸೀರೆ ಬಿಡಿಸಿ ಬಾಗಿದರೆ ಸೆರಗಿನ ಮೇಲೆ ಕರಿ ಪುಡಿ. "ಇದೇನ್ರಿ, ಹೊಸಾ ಡಿಸೈನ್ ಏನು?" ಎಂದು ಹೆಂಗಸರು ಕೇಳುತ್ತಿದ್ದರು. ಕ್ಷೌರದವನು ನನ್ನ ತಲೆಯನ್ನು ಬೆಳಕಿಗೆ ಹಿಡಿದು, "ಮಾಲಕ್ರ, ಇಂಥಾದ್ದು ನಾ ಎಲ್ಲೂ ಕಂಡಿಲ್ರಿ" ಎಂದು ಊರ ತುಂಬ ಹೇಳಿಕೊಂಡು ಬಂದ. ಹೆಂಡತಿ ಮೆಂತ್ಯ ರುಬ್ಬಿದಳು, ಮೊಸರು ಹಚ್ಚಿದಳು, ಲಿಂಬೆಹಣ್ಣು ತಿಕ್ಕಿದಳು. ಅಡುಗೆಮನೆಯಲ್ಲಿದ್ದ ಒಳ್ಳೊಳ್ಳೆಯ ಸಾಮಾನೆಲ್ಲ ನನ್ನ ತಲೆಗೆ ಹೋಗಿ, ಊಟಕ್ಕೆ ಬರೀ ಸಾರು ಉಳಿಯಿತು. ಹೊಟ್ಟು ಮಾತ್ರ ನಿಲ್ಲಲಿಲ್ಲ.

ಮಾವನವರು ಮಗಳನ್ನು ನೋಡಲು ಬಂದರು. ನನ್ನ ಭುಜದ ಮೇಲಿನ ಪುಡಿಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದರು. ಗೂಟಕ್ಕೆ ತೂಗುಹಾಕಿದ್ದ ಹೆಲ್ಮೆಟ್ಟನ್ನು ತಂದು ನೆಲದ ಮೇಲೆ ಒಮ್ಮೆ ಕೊಡವಿದರು. ಒಳಗಿನ ಸ್ಪಂಜು ವರ್ಷಗಳ ಬೆವರು, ಎಣ್ಣೆ, ಬದನೆಕಾಯಿ ಎಲ್ಲ ಕುಡಿದು ಪುಡಿಪುಡಿಯಾಗಿತ್ತು. ನೆಲದ ಮೇಲೆ ಕರಿ ರಾಶಿ ಬಿತ್ತು. ಪೊಲೀಸರನ್ನು ದಾಟುವಷ್ಟು ಹೊತ್ತು ಹಾಕಿಕೊಂಡರೂ ಸಾಕು, ಅದು ನನ್ನ ತಲೆಗೆ ಇಳಿಯುತ್ತಿತ್ತು. "ಅಳಿಯಾರ, ನಿಮ್ಮ ತಲಿ ಛಲೋ ಐತ್ರಿ. ಉದರಾಕತ್ತಿದ್ದು ಇದು" ಎಂದರು. ಹೆಂಡತಿ ನನ್ನತ್ತ ನೋಡಿದ ನೋಟದಲ್ಲಿ ಅಷ್ಟೂ ಮೊಸರಿನ ಲೆಕ್ಕವಿತ್ತು.

ಅದಾಗಿ ಕೆಲವೇ ತಿಂಗಳಿಗೆ ಅಧಿಕ ಮಾಸ ಬಂತು. ನಮ್ಮ ಕಡೆ ಅಧಿಕ ಮಾಸವೆಂದರೆ ಅಳಿಯಂದಿರ ಸುಗ್ಗಿ. ಮೂರು ವರ್ಷಕ್ಕೊಮ್ಮೆ ಬರುವ ಆ ತಿಂಗಳಲ್ಲಿ ಅಳಿಯ ಎಂಥ ಅಡ್ನಾಡಿಯಾಗಿದ್ದರೂ ದೇವರೇ! ಕರೆದು, ಮಣೆ ಹಾಕಿ ಕೂರಿಸಿ, ಹೋಳಿಗೆ ಉಣಿಸಿ, ಆರತಿ ಎತ್ತಿ ಉಡುಗೊರೆ ಕೊಡುತ್ತಾರೆ. ನಮ್ಮ ಅತ್ತೆಯವರ ಮನೆಯಲ್ಲಿ ಇನ್ನೂ ಒಂದು ಪದ್ಧತಿಯಿದೆ. ಆ ದಿನ ಅಳಿಯ ಬಾಯಿಬಿಟ್ಟು ಏನು ಕೇಳಿದರೂ ಇಲ್ಲ ಅನ್ನುವಂತಿಲ್ಲ. "ಏನ್ ಬೇಕ್ರಿ, ಕೇಳ್ರಿ" ಎಂದು ಅತ್ತೆಯವರು ಕೇಳಿದರು. ಸಂಭಾವಿತನಾದ ನಾನು, "ಏನೂ ಬ್ಯಾಡ್ರಿ, ನಿಮ್ಮ ಆಶೀರ್ವಾದ ಇದ್ರ ಸಾಕು" ಎಂದೆ. ಹಾಗೆಂದು ಉಂಗುರದ ಬೆರಳನ್ನು ಸ್ವಲ್ಪ ಮುಂದೆ ಮಾಡಿಯೇ ಕೂತಿದ್ದೆ. ಬಾಜೂ ಅಂಗಡಿಯವನಿಗೆ ಅವನ ಮಾವ ಉಂಗುರ ಹಾಕಿ ಇನ್ನೂ ವಾರವಾಗಿರಲಿಲ್ಲ.

ಮಾವನವರು ಒಳಗಿನಿಂದ ಬೆಳ್ಳಿಯ ಹರಿವಾಣ ತಂದರು. ಮೇಲೆ ಹೊಸ ವಸ್ತ್ರ ಮುಚ್ಚಿತ್ತು. ಉಂಗುರಕ್ಕೆ ಇಷ್ಟು ದೊಡ್ಡ ಹರಿವಾಣವೇ ಎಂದು ನನ್ನ ಎದೆ ಹಿಗ್ಗಿತು. ವಸ್ತ್ರ ಸರಿಸಿದರೆ, ಹೆಲ್ಮೆಟ್ಟು! ಅದನ್ನು ನನ್ನ ತಲೆಗೆ ತಾವೇ ತೊಡಿಸಿ, ಬೆಲ್ಟು ಬಿಗಿದು, "ಒಲ್ಲೆ ಅನ್ರಿ" ಎಂದರು. ಅಂದೆ. ಮನಸ್ಸಿನಿಂದಲೇ ಅಂದೆ. ಅತ್ತೆಯವರು ಆರತಿ ತಟ್ಟೆ ಹಿಡಿದು ಬಂದು ಕುಂಕುಮ ಎಲ್ಲಿ ಹಚ್ಚಬೇಕೆಂದು ತಿಳಿಯದೆ, ಕೊನೆಗೆ ಹೆಲ್ಮೆಟ್ಟಿನ ಹಣೆಗೇ ಹಚ್ಚಿದರು. ಹೆಂಡತಿಯ ತಂಗಿ ಅದರ ಫೋಟೋ ತೆಗೆದು ಮೊಬೈಲಿನಲ್ಲಿ ಸ್ಟೇಟಸ್ ಇಟ್ಟಳು. ಬನಹಟ್ಟಿಯಲ್ಲಿ ಅದನ್ನು ನೋಡದವರು ಯಾರೂ ಇರಲಿಲ್ಲ, ಬೀಳಗಿಯ ನಮ್ಮ ನೆಂಟರೂ ಫೋನು ಮಾಡಿ ನಕ್ಕರು.

ಆಮೇಲೆ ಮಾವನವರು ನನ್ನ ಹಳೆಯ ಹೆಲ್ಮೆಟ್ಟನ್ನು ಅಂಗಳಕ್ಕೆ ತಂದು, ಕಬ್ಬು ಕಡಿಯುವ ಕೊಯ್ತಾದಿಂದ ಅದರ ಬೆಲ್ಟು ಕತ್ತರಿಸಿದರು. ಮತ್ತೆ ಯಾರೂ ಅದನ್ನು ತಲೆಗೆ ಹಾಕಿಕೊಳ್ಳಬಾರದು ಎಂದು. ಅವರ ಹಿತ್ತಲಲ್ಲಿ ಹೀಗೆ ಬೆಲ್ಟು ಕಳಕೊಂಡ ಹೆಲ್ಮೆಟ್ಟುಗಳ ಒಂದು ಸಾಲೇ ಇದೆ. ಒಂದರಲ್ಲಿ ಕೊತ್ತಂಬರಿ, ಇನ್ನೊಂದರಲ್ಲಿ ಪುದೀನ. ನನ್ನದರಲ್ಲಿ ಬೆಕ್ಕು ಮರಿ ಹಾಕಿತು. ಅಧಿಕ ಮಾಸವೇ ಯಾಕೆ ಎಂದು ಕೇಳಿದೆ. "ತಿಥಿ, ನಕ್ಷತ್ರ ಎಲ್ಲಾ ಮೂರು ವರ್ಷಕ್ಕೊಮ್ಮಿ ಹೆಚ್ಚುಕಮ್ಮಿ ಆದದ್ದನ್ನ ಸರಿ ಮಾಡ್ಕೋತಾವ್ರಿ. ನಿಮ್ಮ ತಲಿ ಯಾಕ ಮಾಡ್ಕೋಬಾರ್ದು?" ಎಂದರು. ಅಂದಿನಿಂದ ಪ್ರತಿ ಅಧಿಕ ಮಾಸಕ್ಕೂ ನನಗೊಂದು ಹೊಸ ಹೆಲ್ಮೆಟ್ಟು. ಪ್ರತಿ ಸಲವೂ ಅತ್ತೆಯವರು, "ಏನ್ ಬೇಕ್ರಿ?" ಎನ್ನುವುದು, ನಾನು "ಏನೂ ಬ್ಯಾಡ್ರಿ" ಎನ್ನುವುದು, ನನ್ನ ಬೆರಳು ಖಾಲಿ ಉಳಿಯುವುದು ನಡೆದುಕೊಂಡು ಬಂತು.

ಇಂಥ ಮಾವನವರು ತಮ್ಮದನ್ನು ಮಾತ್ರ ಬದಲಿಸಲಿಲ್ಲ. ಒಂದು ಕಾಲಕ್ಕೆ ನೀಲಿಯಾಗಿದ್ದ ಆ ಹೆಲ್ಮೆಟ್ಟು ಈಗ ಒಲೆಯ ಬೂದಿಯ ಬಣ್ಣಕ್ಕೆ ತಿರುಗಿದೆ. ಅದನ್ನು ಮುಟ್ಟಲು ಯಾರಿಗೂ ಬಿಡುವುದಿಲ್ಲ. ಹೋದ ಸಲ ಕಬ್ಬು ಕಡಿಯುವ ಹಂಗಾಮಿನಲ್ಲಿ, ಟ್ರ್ಯಾಕ್ಟರಿನಿಂದ ರಸ್ತೆಗೆ ಉದುರಿದ ಕಬ್ಬಿನ ಒಣ ಗರಿಯ ರವದಿಯ ಮೇಲೆ ಅವರ ಗಾಡಿ ಜಾರಿತು. ದೇವರ ದಯೆ, ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಹೆಲ್ಮೆಟ್ಟಿನ ಬಲಗಡೆ ಮಾತ್ರ ಅಂಗೈ ಅಗಲದ ಗೀರು. ಅತ್ತೆಯವರು ಗಾಬರಿಯಾಗಿ ನನಗೆ ಫೋನು ಮಾಡಿದರು. ನಾನು ಹೋಗಿ ಕೇಳಿದರೆ, "ನಾ ಬಿದ್ದಿಲ್ರಿ. ಗಾಡಿ ಬಿತ್ತು. ನಾ ಇಳದೆ" ಎಂದರು.

"ಮಾವಾರ, ಹೆಲ್ಮೆಟ್ಟಿಗೆ ಏಟು ಬಿದ್ದೈತ್ರಿ. ಒಂದ ಏಟು ತಡಕೊಂಡ್ರ ಮುಗೀತು ಅಂತ ನೀವ ಅಂತೀರಲ್ರಿ?"

"ಅದು ಏಟು ಅಲ್ರಿ. ಸವರಿದ್ದು."

ಹೆಂಡತಿ ತಾನೇ ಹೊಸದೊಂದು ಕೊಂಡು ಒಯ್ದಳು. "ಮಗಳ ಮನಿದು ನಾ ಮುಟ್ಟಂಗಿಲ್ಲವಾ" ಎಂದು ಅದನ್ನು ಟ್ರ್ಯಾಕ್ಟರ್ ಡ್ರೈವರನಿಗೆ ಕೊಟ್ಟುಬಿಟ್ಟರು. ಮಗಳ ಮನೆಯ ಅನ್ನವನ್ನೂ ಸಂಕೋಚದಿಂದ ಉಣ್ಣುವ ಹಳೆಯ ಕಾಲದವರು ಅವರು. ನಾವು ಬುದ್ಧಿವಂತರು, ಇನ್ನೊಂದು ಕೊಂಡೆವು. ಅದು ಪಂಪ್‌ಸೆಟ್ಟು ನೋಡಿಕೊಳ್ಳುವವನ ತಲೆಗೆ ಹೋಯಿತು. ಹೀಗೆಯೇ ಮುಂದುವರಿದಿದ್ದರೆ ಹಿಪ್ಪರಗಿಯ ಆಳುಕಾಳುಗಳೆಲ್ಲ ಸುರಕ್ಷಿತರಾಗುತ್ತಿದ್ದರು. ಕೊನೆಗೆ ನಾನೊಂದು ಘನವಾದ ಉಪಾಯ ಮಾಡಿ, ಆ ಬೂದಿ ಬಣ್ಣದ ಹೆಲ್ಮೆಟ್ಟನ್ನು ದನದ ಹೊಟ್ಟಿನ ಕೋಣೆಯಲ್ಲಿ ಬಚ್ಚಿಟ್ಟೆ. ಹೆಲ್ಮೆಟ್ಟು ಇಲ್ಲದೆ ಅವರು ಗಾಡಿ ಹತ್ತುವವರಲ್ಲ. ಬೇರೆ ದಾರಿಯಿಲ್ಲದೆ ಹೊಸದಕ್ಕೆ ಒಪ್ಪುತ್ತಾರೆ ಎಂದುಕೊಂಡೆ. ಅವರು ಸುಡು ಬಿಸಿಲಿನಲ್ಲಿ ಹೊಲಕ್ಕೆ ನಡೆದುಕೊಂಡು ಹೋಗಿ, ನಡೆದುಕೊಂಡು ಬಂದು, ಬಾತ ಕಾಲು ಚಾಚಿ ಕಟ್ಟೆಯ ಮೇಲೆ ಕೂತರು. ನಾನೇ ಹೋಗಿ ಹೆಲ್ಮೆಟ್ಟನ್ನು 'ಹುಡುಕಿ' ತಂದುಕೊಡಬೇಕಾಯಿತು.

ಆ ಸಂಜೆ ಸಿಟ್ಟಿನಿಂದ ಅಡುಗೆಮನೆಗೆ ಹೋಗಿ, "ಎಂಥಾ ಹಟಾ ರೀ ಅತ್ತಿ ಇವ್ರದು!" ಎಂದೆ. ಅತ್ತೆಯವರು ರೊಟ್ಟಿ ಬಡಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ.

"ಹಟಾ ಅಲ್ರಿ. ಹೊಸಾ ಧೋತರಾನೂ ಒಲ್ಲೆ ಅಂತಾರ. ಚಪ್ಪಲಿಗೆ ಹೊಲಿಗಿ ಹಾಕಿಸ್ಕೋತಾರ. ಕಣ್ಣಿನ ಚಾಳೀಸ ಒಡದೈತಿ, ಅದ ನಡೀತೈತಿ ಅಂತಾರ. ಮೊನ್ನೆ ಕೇಳಿದ್ನಿ, ಯಾಕಂತ. ಹೊಸಾ ಹೆಲ್ಮೆಟ್ ತಂದ್ರ ಅದು ನನಗಿಂತ ಹೆಚ್ಚ ದಿನ ಬಾಳತೈತಿ, ಒಂದು ಹೆಲ್ಮೆಟ್ ಯಾಕ ಹಾಳ ಮಾಡೂದು, ಅಂದ್ರು."

ಊರಿನವರ ಹೆಲ್ಮೆಟ್ಟಿಗೆಲ್ಲ ಇನ್ನೆಷ್ಟು ದಿನವೆಂದು ಬಡಿದು ನೋಡುತ್ತಿದ್ದ ಮನುಷ್ಯ, ಯಾರಿಗೂ ತಿಳಿಯದಂತೆ ತಮ್ಮನ್ನೂ ಬಡಿದು ನೋಡಿಕೊಂಡಿದ್ದರು. ಇಷ್ಟು ವರ್ಷ ಅವರ ಬಗ್ಗೆ ಅಂಗಡಿಯಲ್ಲಿ ಕೂತು ನಗೆಚಾಟಿಕೆ ಮಾಡಿದ ನನಗೆ ಅಂದು ಮೊದಲ ಸಲ ಭಯವಾಯಿತು. ಈ ಮನುಷ್ಯ ಇಲ್ಲದ ಹಿಪ್ಪರಗಿ ನನಗೆ ಬೇಡವಾಗಿತ್ತು.

ಈ ವರ್ಷ ಮತ್ತೆ ಅಧಿಕ ಮಾಸ ಬಂತು. ಮಣೆ, ಹೋಳಿಗೆ, ಹರಿವಾಣ, ಹೆಲ್ಮೆಟ್ಟು, ಎಲ್ಲ ಯಥಾಪ್ರಕಾರ. ನನ್ನ ತಲೆಗೆ ಹೊಸದು ಏರಿತು. ಅತ್ತೆಯವರು ಆರತಿ ಎತ್ತಿ, ಉತ್ತರ ಗೊತ್ತಿರುವವರ ಧ್ವನಿಯಲ್ಲಿ, "ಏನ್ ಬೇಕ್ರಿ?" ಎಂದರು.

"ಬೇಕ್ರಿ" ಎಂದೆ.

ಉಂಗುರದ ಆಸೆ ಕೊನೆಗೂ ಬಾಯಿಗೆ ಬಂತೆಂದು ಹೆಂಡತಿ ನಾಚಿಕೆಯಿಂದ ಸೆರಗು ಹಲ್ಲಿಗೆ ಕಚ್ಚಿಕೊಂಡಳು. ಮಾವನವರಿಗೆ ಮಾತ್ರ ಖುಷಿಯೋ ಖುಷಿ. "ಕೇಳ್ರಿ ಅಳಿಯಾರ! ಇಷ್ಟ ವರ್ಷಕ್ಕ ಬಾಯಿ ಬಿಟ್ರಿ. ಏನಿದ್ರೂ ಕೇಳ್ರಿ, ಇಲ್ಲ ಅನ್ನಂಗಿಲ್ಲ."

ನಾನು ಎದ್ದು ಹೊರಗೆ ಹೋಗಿ ಬೈಕಿಗೆ ಕಟ್ಟಿದ್ದ ಚೀಲ ತಂದು, ಅದರೊಳಗಿನ ಹೊಸ ಹೆಲ್ಮೆಟ್ಟನ್ನು ಅವರ ಮುಂದಿಟ್ಟೆ. "ಇದನ್ನ ನೀವು ಹಾಕ್ಕೋಬೇಕ್ರಿ. ನನಗ ಬೇಕಾದದ್ದು ಅಷ್ಟ."

ಅವರ ನಗು ನಿಂತಿತು. "ಅಳಿಯಾರ, ಮಗಳ ಮನಿದು..."

"ಮಗಳು ಕೊಟ್ಟಿದ್ದಲ್ರಿ. ಅಧಿಕದಾಗ ಅಳಿಯಾ ಕೇಳಿದ್ದು."

ಒಂದು ಪದ್ಧತಿ ತೆಗೆದುಕೊಳ್ಳಬಾರದು ಎನ್ನುತ್ತದೆ, ಇನ್ನೊಂದು ಇಲ್ಲವೆನ್ನಬಾರದು ಎನ್ನುತ್ತದೆ. ಜೀವನವಿಡೀ ಎರಡನ್ನೂ ನಡೆಸಿಕೊಂಡು ಬಂದ ಮನುಷ್ಯ ನಡುವೆ ಸಿಕ್ಕಿಬಿದ್ದು ಅತ್ತೆಯವರ ಮುಖ ನೋಡಿದರು. ಅತ್ತೆಯವರು ಗೋಡೆಯ ಮೇಲಿನ ಕ್ಯಾಲೆಂಡರ್ ಓದತೊಡಗಿದರು. ಮಾವನವರು ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಡಿದರು, ಒತ್ತಿದರು, ಬೆಲ್ಟು ಜಗ್ಗಿದರು, ಮೂಗು ತೂರಿಸಿದರು. ಏನಾದರೊಂದು ಐಬು ಸಿಕ್ಕೀತೇ ಎಂದು ಬಹಳ ಹೊತ್ತು ಹುಡುಕಿದರು.

"ಛಲೋ ಐತ್ರಿ" ಎಂದರು ಕೊನೆಗೆ, ಮೆಲ್ಲಗೆ. "ಭಾಳ ವರ್ಷ ಬಾಳತೈತಿ ಇದು. ನಾ ಅಷ್ಟ..."

"ಬಾಳಂಗಿಲ್ರಿ. ಮುಂದಿನ ಅಧಿಕಕ್ಕ ಬಂದು ನಾನ ಬದಲಿ ಮಾಡ್ತೇನಿ. ಅದರ ಮುಂದಿನದಕ್ಕೂ ಮಾಡ್ತೇನಿ. ನೀವು ಇರಬೇಕ್ರಿ ಮಾವಾರ. ನೀವಿಲ್ಲಂದ್ರ ನನ್ನ ತಲಿ ಯಾರ್ ನೋಡ್ತಾರ್ರಿ?"

ನಗಿಸಬೇಕೆಂದು ಕಲಿತುಕೊಂಡು ಹೋಗಿದ್ದ ಮಾತು ಅದು. ಯಾರೂ ನಗಲಿಲ್ಲ.

ಮಾವನವರು ತಲೆಯ ರುಮಾಲು ತೆಗೆದು ಮಡಿಚಿ ಬದಿಗಿಟ್ಟರು. ಹೆಲ್ಮೆಟ್ಟನ್ನು ಎರಡೂ ಕೈಯಿಂದ ಎತ್ತಿ ಹಾಕಿಕೊಂಡರು. ನಾನು ಬಾಗಿ ಬೆಲ್ಟು ಬಿಗಿದೆ. ಅವರು ಮುಂದಿನ ಗಾಜನ್ನು ಕೆಳಗೆ ಎಳೆದುಕೊಂಡರು. ನೋಡುನೋಡುತ್ತಿದ್ದಂತೆ ಆ ಗಾಜು ಒಳಗಿನಿಂದ ಮಸುಕಾಗಿ ಅವರ ಮುಖ ಕಾಣದಾಯಿತು.

"ಇದರೊಳಗ ಗಾಳಿ ಸರಿ ಆಡಂಗಿಲ್ರಿ" ಎಂದಿತು ಒಳಗಿನ ಧ್ವನಿ.

"ಹೌದ್ರಿ, ಹೊಸಾದು ನೋಡ್ರಿ" ಎಂದೆ.

"ಸ್ವಲ್ಪ ಹೊತ್ತು ಹಿಂಗ ಇರ್ತೇನಿ."

ಅತ್ತೆಯವರು ಎದ್ದು ಬಂದು, ಅವರ ತಾಟಿನ ಹೋಳಿಗೆ ಆರದಂತೆ ಮೇಲೊಂದು ತಾಟು ಮುಚ್ಚಿದರು.